ಮೇಲಧಿಕಾರಿಗೆ ಹೆದರುವುದು ವಿಧೇಯತೆಯೇ?

ಮ್ಯಾನೇಜರ್ ಕರೆದರೆ ಸಾಕು, ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಯಾರೂ ಹೋಗದ ಪ್ರವಾಸದ ಬಿಲ್ಲಿಗೆ ಸಹಿ ಹಾಕಲು ಅವರು ಹೇಳಿದ್ದಾರೆ. ಯಜಮಾನರಿಗೆ ಭಯದಿಂದ ನಡುಗುತ್ತಾ ವಿಧೇಯರಾಗಿರಬೇಕು ಎಂದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ (ಪತ್ರದ) 6ನೆಯ ಅಧ್ಯಾಯದಲ್ಲಿ ಇರುವಾಗ, ಕ್ರೈಸ್ತನಾದ ನಾನು ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ.

ಸಹಿ ಹಾಕಬೇಡಿ. ಅವರನ್ನು ಗೌರವಿಸುವುದನ್ನೂ ಬಿಡಬೇಡಿ.

ಆ ವಚನವನ್ನು ಅರ್ಧಕ್ಕೇ ಓದಿ ನಿಲ್ಲಿಸುವವರು ಬಹಳ ಮಂದಿ. ಕ್ರಿಸ್ತನಿಗೆ ಮಾಡುವಂತೆ ಮಾಡಿರಿ ಎಂದು ಅಲ್ಲಿಯೇ ಇದೆ. ಮನುಷ್ಯರ ಮೆಚ್ಚುಗೆಗಾಗಿ ಕಣ್ಣೆದುರಿಗೆ ಮಾತ್ರ ದುಡಿಯಬೇಡಿ ಎಂಬುದು ಅದರ ಮುಂದಿನ ಮಾತು. 9ನೆಯ ವಚನದಲ್ಲಿ ಪೌಲನು ಯಜಮಾನರ ಕಡೆಗೇ ತಿರುಗುತ್ತಾನೆ: ಬೆದರಿಸುವುದನ್ನು ಬಿಡಿ, ನಿಮಗೂ ಅವರಿಗೂ ಒಬ್ಬನೇ ಯಜಮಾನನು ಪರಲೋಕದಲ್ಲಿದ್ದಾನೆ, ಆತನಲ್ಲಿ ಪಕ್ಷಪಾತವಿಲ್ಲ. ಬೆದರಿಸುವ ಹಕ್ಕೇ ಯಜಮಾನನಿಗಿಲ್ಲ ಎಂದಮೇಲೆ ಆ ನಡುಕ ಅವನಿಗೆ ಸಲ್ಲಬೇಕಾದದ್ದು ಹೇಗಾದೀತು? ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದ್ದಾನೆ. ಅಲ್ಲಿ ಭಯ ದೇವರಿಗೆ, ಸನ್ಮಾನ ಅರಸನಿಗೆ.

ಭಯದಿಂದ ಹುಟ್ಟುವ ವಿಧೇಯತೆ ಎಂಥದ್ದೆಂದು ತಿಳಿಯಲು ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ನಿಂತರೆ ಸಾಕು. ಪೊಲೀಸರು ಕಂಡೊಡನೆ ಮೊಣಕೈಯಲ್ಲಿದ್ದ ಹೆಲ್ಮೆಟ್ ತಲೆಗೆ ಏರುತ್ತದೆ, ಅವರು ಮರೆಯಾದರೆ ಮತ್ತೆ ಕೆಳಗಿಳಿಯುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಕೇಳುವುದು ಇದನ್ನಲ್ಲ. ದಂಡನೆಯ ಭಯದಿಂದ ಮಾತ್ರವಲ್ಲ, ಮನಸ್ಸಾಕ್ಷಿಯ ನಿಮಿತ್ತವಾಗಿಯೂ ಅಧೀನರಾಗಿರಿ ಎನ್ನುತ್ತದೆ ಅದು. ತೆರಿಗೆ ಕಟ್ಟುವುದಕ್ಕೂ ಅಲ್ಲಿ ಕೊಟ್ಟಿರುವ ಕಾರಣ ಇದೇ. ಪೌಲನು ಈ ಮಾತು ಬರೆದಾಗ ರೋಮ್‌ನ ಸಿಂಹಾಸನದಲ್ಲಿದ್ದವನು ನೀರೋ. ದೊರೆ ಒಳ್ಳೆಯವನಾಗಿದ್ದರೆ ಮಾತ್ರ ಎಂಬ ಷರತ್ತು ಆ ಮಾತಿನಲ್ಲಿಲ್ಲ.

ಅದೇ ಅಧ್ಯಾಯ ಅಧಿಕಾರಿಯನ್ನು ದೇವರ ಸೇವಕ ಎಂದು ಕರೆಯುತ್ತದೆ. ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿರುವುದನ್ನು ನೋಡುವಾಗಲೆಲ್ಲ ನನಗೆ ಈ ವಚನ ನೆನಪಾಗುತ್ತದೆ. ಸೇವಕ ಎಂದಮೇಲೆ ಗೌರವ ಸಲ್ಲಲೇಬೇಕು. ತನ್ನ ಒಡೆಯನಿಗೆ ಅವನು ಲೆಕ್ಕವನ್ನೂ ಒಪ್ಪಿಸಬೇಕು. ಆ ಒಡೆಯನ ಮಾತಿಗೆ ವಿರುದ್ಧವಾದ ಆಜ್ಞೆ ಬಂದಾಗ ಯೇಸುವಿನ ಶಿಷ್ಯರಾದ ಅಪೊಸ್ತಲರು ಯೆರೂಸಲೇಮಿನಲ್ಲಿ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಎದುರಿನಲ್ಲೇ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದರು. ಗಂಡುಕೂಸುಗಳನ್ನು ಕೊಲ್ಲಬೇಕೆಂಬ, ಐಗುಪ್ತದ ಅರಸ ಫರೋಹನ ಅಪ್ಪಣೆಯನ್ನು ಇಬ್ರಿಯ ಸೂಲಗಿತ್ತಿಯರು ಮೀರಿದ್ದೂ ದೇವರಿಗೆ ಭಯಪಟ್ಟದ್ದರಿಂದಲೇ. ಈ ಕಥೆಯಿರುವ ವಿಮೋಚನಕಾಂಡ ಎಂಬ ಪುಸ್ತಕ ಆ ಇಬ್ಬರು ಹೆಂಗಸರ ಹೆಸರನ್ನು ಹೇಳುತ್ತದೆ, ಫರೋಹನ ಹೆಸರನ್ನು ಹೇಳುವುದಿಲ್ಲ.

ಹಾಗೆಂದು ತಲೆ ಬಾಗಿಸದವರೆಲ್ಲ ದನಿ ಏರಿಸಬೇಕಾಗಿಲ್ಲ. ಮಹಾಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಬೈಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ತಪ್ಪು ಮಾತನಾಡಿದ್ದರೆ ಅದನ್ನು ತೋರಿಸು, ಸರಿಯಾಗಿ ಆಡಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದನು. ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನೂ ಅವನ ಜೊತೆಯವನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ, ಪೌಲನು ಒಪ್ಪಲಿಲ್ಲ. ನಾವು ರೋಮ್‌ನ ಪ್ರಜೆಗಳು, ಅವರೇ ಬಂದು ನಮ್ಮನ್ನು ಹೊರಗೆ ಕರೆದೊಯ್ಯಲಿ ಎಂದನು. ಅವರು ಬಂದರು, ಬೇಡಿಕೊಂಡರು. ಈ ಪ್ರಸಂಗ ನನಗೆ ಬಹಳ ಪ್ರಿಯ, ಏಕೆಂದರೆ ಕಾನೂನನ್ನು ಮುಂದಿಟ್ಟು ಹಕ್ಕು ಕೇಳುವುದು ಅಧಿಕಾರಕ್ಕೆ ಅಗೌರವವಲ್ಲ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ. ಲೋಕಾಯುಕ್ತಕ್ಕೆ ದೂರು ಕೊಡುವ ವಿಶ್ವಾಸಿ ದಂಗೆ ಎದ್ದವನಲ್ಲ.

ನಾನು ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು. ಹಿಂದಿನ ತಾರೀಕು ಹಾಕಿ ಒಂದು ಕಡತ ಮುಗಿಸಲು ಮೇಲಿನವರು ಹೇಳಿದಾಗ ನಾನು ಎದ್ದು ನಿಂತು, "ಸಾರ್, ನೀವು ಹೇಳುವ ಬೇರೆ ಯಾವ ಕೆಲಸವನ್ನಾದರೂ ಮಾಡುತ್ತೇನೆ, ಇದು ನನ್ನಿಂದ ಆಗುವುದಿಲ್ಲ" ಎಂದೆ. ಅವರ ಮೇಜಿನ ಮೇಲಿದ್ದ ಉಳಿದ ಕೆಲಸವನ್ನೆಲ್ಲ ಆ ಸಂಜೆ ಹೊತ್ತು ಮೀರಿದರೂ ಕೂತು ಮುಗಿಸಿಕೊಟ್ಟೆ. ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ನಿಮಗೂ ನಷ್ಟವಾಗಬಹುದು, ಕೆಲಸವೇ ಹೋಗಬಹುದು. ಪೌಲನು ನೀರೋವಿನ ಕಾಲದಲ್ಲೇ ಪ್ರಾಣ ಕೊಟ್ಟನೆಂಬುದು ಕ್ರೈಸ್ತ ಸಭೆಯ ಹಳೆಯ ಪರಂಪರೆ. ನಿರ್ಭಯವಾಗಿರುವವನಿಗೆ ಏನೂ ಆಗುವುದಿಲ್ಲ ಎಂದು ಸತ್ಯವೇದ ಎಲ್ಲಿಯೂ ಮಾತು ಕೊಟ್ಟಿಲ್ಲ.

ಸಭಾಪಾಲಕರಾಗಲಿ ಹಿರಿಯರಾಗಲಿ, ವಿಧೇಯತೆಯ ಹೆಸರಿನಲ್ಲಿ ನಿಮ್ಮನ್ನು ಸಹಿ ಹಾಕುವಂತೆ ಒತ್ತಾಯಿಸಿದರೆ, ಮಂದೆಯ ಮೇಲೆ ದೊರೆತನ ಮಾಡಬೇಡಿ ಎಂದು ಪೇತ್ರನು ಹಿರಿಯರಿಗೇ ಬರೆದಿರುವುದನ್ನು ವಿನಯದಿಂದ ನೆನಪಿಸಿ. ಮ್ಯಾನೇಜರ್ ಹತ್ತಿರ ಒಬ್ಬರೇ ಇರುವಾಗ ಮಾತನಾಡಿ, ಇತರರ ಎದುರಿನಲ್ಲಿ ಬೇಡ. ಒತ್ತಾಯ ಮುಂದುವರಿದರೆ ಆದೇಶವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ನಿಮ್ಮ ಉತ್ತರವನ್ನೂ ಬರಹದಲ್ಲೇ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಒಳಗೆ ಹೋಗುವ ಮೊದಲು ಅವರ ಹೆಸರು ಹಿಡಿದು ಪ್ರಾರ್ಥಿಸಿ, ಅವರ ಮನೆಯವರಿಗಾಗಿಯೂ ಪ್ರಾರ್ಥಿಸಿ.