ಜೀಬ್ರಾ ಪಟ್ಟಿ ಹತ್ರ ನಿಲ್ಲಬೇಕಾದವರು ಯಾರು?

ಪ್ರಶ್ನೆ: ನಮ್ಮ ಬಸ್ ಸ್ಟಾಪ್ ಎದುರು ಜೀಬ್ರಾ ಪಟ್ಟಿ ಇದೆ, ಸಿಗ್ನಲ್ ಇಲ್ಲ. ಕಾಲಿಟ್ಟರೆ ಸಾಕು, ಹಾರ್ನ್ ಹೊಡೆದುಕೊಂಡೇ ನುಗ್ಗುತ್ತಾರೆ. ಮೊನ್ನೆ ಕಾರಿನವರೊಬ್ಬರು ‘ಸಿಗ್ನಲ್ ಇಲ್ಲ ಅಂದ್ಮೇಲೆ ನೀವೇ ನೋಡ್ಕೊಂಡು ದಾಟ್ಬೇಕಮ್ಮಾ’ ಅಂತ ಗದರಿದರು. ಅವರು ಹೇಳಿದ್ದು ಸರೀನಾ?
– ಓದುಗರೊಬ್ಬರು, ಮೈಸೂರು

ಉತ್ತರ: ಪೂರ್ತಿ ಉಲ್ಟಾ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿ ಹತ್ತಿರ ಬಂದಾಗ ವೇಗ ತಗ್ಗಿಸಬೇಕಾದವರು, ನಿಲ್ಲಿಸಿ ದಾರಿ ಬಿಡಬೇಕಾದವರು ಗಾಡಿ ಓಡಿಸುವವರು. ಮುಂದೆ ಜಾಮ್ ಆಗಿದ್ದರೆ ಪಟ್ಟಿ ಮೇಲೆ ಗಾಡಿ ತಂದು ನಿಲ್ಲಿಸುವ ಹಾಗೂ ಇಲ್ಲ. ಅವರು ನಿಲ್ಲಿಸಿದರೆ ಅದು ನಿಮಗೆ ಮಾಡಿದ ಉಪಕಾರವಲ್ಲ, ಹಾಗಾಗಿ ಕೈಮುಗಿದುಕೊಂಡು ಓಡಬೇಕಾಗಿಲ್ಲ.

ಆದರೆ ಕಾನೂನು ನಿಮ್ಮ ಕಡೆ ಇದೆ ಅಂತ ಸುಮ್ನೆ ಇಳಿದುಬಿಡಬೇಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಡ್ರೈವರ್ ನಿಮ್ಮನ್ನು ನೋಡಿ ಬ್ರೇಕಿಗೆ ಕಾಲು ಇಡುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ, ಬ್ರೇಕ್ ಹಿಡಿಯುವುದು ಆಮೇಲೆ. ಅಂಚಿನಲ್ಲಿ ನಿಂತು ಕೈ ಚಾಚಿ, ಡ್ರೈವರ್ ಮುಖ ನೋಡಿ. ಗಾಡಿ ನಿಧಾನವಾಗಿದ್ದು ಖಾತ್ರಿಯಾದ ಮೇಲೆ ಹೆಜ್ಜೆ ಇಡಿ.

ಇನ್ನೊಂದು ವಿಷಯ, ಇದರಲ್ಲೂ ಜನ ಏಟು ತಿನ್ನುತ್ತಾರೆ. ಬಸ್ಸಿನವರು ನಿಲ್ಲಿಸುತ್ತಾರೆ, ‘ಹೋಗಿ’ ಅಂತ ಕೈ ಬೇರೆ ಬೀಸುತ್ತಾರೆ, ನೀವು ಖುಷಿಯಲ್ಲಿ ಬಿರಬಿರನೆ ಹೊರಡುತ್ತೀರಿ. ಬಸ್ಸು ಯಾಕೆ ನಿಂತಿದೆ ಅಂತ ಹಿಂದಿರುವ ಬೈಕಿನವರಿಗೆ ಗೊತ್ತಿರುವುದಿಲ್ಲ, ಅವರು ಅದರ ಬಲಗಡೆಯಿಂದ ನುಗ್ಗುತ್ತಾರೆ. ಬಸ್ಸಿನ ಮೂತಿ ದಾಟುವ ಮುಂಚೆ ಒಮ್ಮೆ ನಿಂತು, ಕತ್ತು ಮುಂದೆ ಹಾಕಿ ಇಣುಕಿ ನೋಡಿ. ಬಸ್ಸಿನಿಂದ ಇಳಿದ ತಕ್ಷಣ ಅದರ ಮುಂದೆಯೇ ದಾಟುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಬಸ್ಸು ಹೋದ ಮೇಲೆ ದಾಟಿದರೆ ಏನೂ ಮುಳುಗಿಹೋಗಲ್ಲ.

ಪ್ರಶ್ನೆ: ನಮ್ಮೂರು ಹೆದ್ದಾರಿ ಪಕ್ಕ. ಫುಟ್‌ಪಾತ್ ಇಲ್ಲ. ಸ್ಕೂಲಲ್ಲಿ ಎಡಗಡೆ ನಡೀಬೇಕು ಅಂತ ಕಲಿಸಿದ್ದರು. ಮಗಳು ಬಲಗಡೆ ನಡಿ ಅಂತಾಳೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಶಿರಾ

ಉತ್ತರ: ಮಗಳ ಮಾತು. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುತ್ತವೆ, ಹಾಗಾಗಿ ನೀವೂ ಎಡಗಡೆ ನಡೆದರೆ ಲಾರಿ ಬೆನ್ನ ಹಿಂದಿನಿಂದ ಬರುತ್ತದೆ, ಕಾಣುವುದೇ ಇಲ್ಲ. ಬಲ ಅಂಚಿನಲ್ಲಿ ನಡೆದರೆ ಹತ್ತಿರದ ಸಾಲಿನ ಗಾಡಿಗಳು ಎದುರಿಗೇ ಬರುತ್ತವೆ, ಪಕ್ಕಕ್ಕೆ ಸರಿಯಲು ಟೈಮ್ ಸಿಗುತ್ತದೆ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಎದುರಿನವರಿಗೆ ನೀವು ಕಾಣುವುದಿಲ್ಲ, ಅಲ್ಲಿ ಮುಂಚೆಯೇ ಆಚೆ ಬದಿಗೆ ದಾಟಿಕೊಳ್ಳಿ. ಕತ್ತಲಲ್ಲಿ ಬಿಳಿ ಅಂಗಿ ಹಾಕಿ, ಕೈಯಲ್ಲಿ ಟಾರ್ಚ್ ಇರಲಿ. ಕಪ್ಪು ಕಂಬಳಿ ಹೊದ್ದು ಹೊರಟರೆ ಹೆಡ್‌ಲೈಟಿಗೂ ಕಾಣುವುದಿಲ್ಲ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಹತ್ತಿರಹತ್ತಿರ ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರೇ.

ಪ್ರಶ್ನೆ: ಫುಟ್‌ಪಾತ್ ಮೇಲೆ ಬೈಕ್ ಓಡಿಸೋರನ್ನು ಕೇಳೋಕೆ ನಮಗೆ ಹಕ್ಕಿದೆಯಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ. ಫುಟ್‌ಪಾತ್ ಮೇಲೆ ಗಾಡಿ ಓಡಿಸುವುದು, ನಿಲ್ಲಿಸುವುದು ಎರಡೂ ತಪ್ಪು. ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ, ನಡೆಯುವವರ ಬಗ್ಗೆ ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ರಾಜ್ಯಗಳಿಗೆ ಸೂಚಿಸಿತು. ಆದರೂ ಎದುರುಬದುರು ಜಗಳಕ್ಕಿಂತ ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆದು ಟ್ರಾಫಿಕ್ ಪೊಲೀಸರಿಗೆ ಕಳಿಸುವುದೇ ವಾಸಿ. ಹೆಲ್ಮೆಟ್ ಹಾಕಿಕೊಂಡವರಿಗೆ ಬುದ್ಧಿ ಹೇಳಿದರೆ ಕಿವಿಗೆ ಬೀಳುವುದು ಕಷ್ಟ!

ಪ್ರಶ್ನೆ: ನಮ್ಮ ತಂದೆ ಜೀಬ್ರಾ ಪಟ್ಟಿ ಇಲ್ಲದ ಕಡೆ ದಾಟುವಾಗ ಕಾರು ಗುದ್ದಿ ಕಾಲು ಮುರಿಯಿತು. ‘ತಪ್ಪು ನಿಮ್ದೇ, ಪರಿಹಾರ ಸಿಗಲ್ಲ’ ಅಂತಿದ್ದಾರೆ. ನಿಜಾನಾ?
– ಓದುಗರೊಬ್ಬರು, ಹಾಸನ

ಉತ್ತರ: ಯಾರು ಹೇಳಿದ್ದು, ಕಾರಿನವರೇ ಅಲ್ವಾ? ಪಟ್ಟಿ ಇರಲಿಲ್ಲ ಅಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ. ನಿಮ್ಮ ತಂದೆಯದೂ ಸ್ವಲ್ಪ ಅಜಾಗರೂಕತೆ ಇತ್ತು ಅಂತ ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ ಅನ್ನಿಸಿದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿಮೆ ಮಾಡಬಹುದು, ಉಳಿದಿದ್ದು ಬರುತ್ತದೆ. ಕೊಡುವುದು ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಂಪನಿ. ಕಾರು ನಿಲ್ಲಿಸದೆ ಓಡಿಹೋಗಿ ನಂಬರೂ ಸಿಗದಿದ್ದರೆ ಬೇರೆ ಯೋಜನೆ ಇದೆ: 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ.

ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕ್ಸ್-ರೇ, ಔಷಧಿ ಅಂಗಡಿಯ ಬಿಲ್ಲು, ಆಟೋ ಚಾರ್ಜಿನ ರಸೀದಿ ಎಲ್ಲ ಒಂದು ಫೈಲಿನಲ್ಲಿ ಹಾಕಿಡಿ. ಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುತ್ತದೆ, ಇವತ್ತೇ ಹೋಗಿ ಕೇಳಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಹಾಗಾಗಿ ಈ ವಾರವೇ ಒಬ್ಬ ವಕೀಲರನ್ನು ನೋಡಿ.