ವ್ಯಾಸೆಕ್ಟಮಿ ರಿವರ್ಸಲ್ ಆದಮೇಲೆ ಎಷ್ಟು ದಿನ ಜೋಪಾನ ಬೇಕು?

ಗಂಡಸರ ಸಂತಾನಹರಣಕ್ಕೆ ಕತ್ತರಿಸಿದ್ದ ವೀರ್ಯನಾಳವನ್ನು ಮತ್ತೆ ಜೋಡಿಸುವ ಈ ಆಪರೇಷನ್ ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡು ಬ್ಯಾಡಗಿಗೆ ಬೈಕಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಕಾರಲ್ಲಿ ಹೋಗಿ. ಮೊದಲ ಎರಡು ದಿನ ವಿಶ್ರಾಂತಿ, ಬಟ್ಟೆ ಸುತ್ತಿದ ಐಸ್. ಬಿಗಿಯಾದ ಒಳಉಡುಪು ಕೆಲವು ವಾರ ಬೇಕು. ಕೂತು ಮಾಡುವ ಕೆಲಸ ಒಂದು ವಾರಕ್ಕೆ ಶುರು ಮಾಡಬಹುದು. ಮೆಣಸಿನಕಾಯಿ ಚೀಲ ಎತ್ತುವುದು ಮಾತ್ರ 3-4 ವಾರ ಬೇಡವೇ ಬೇಡ. ಸಂಭೋಗ ಡಾಕ್ಟರ್ ಒಪ್ಪಿದ ಮೇಲೆ.

ಸ್ವಲ್ಪ ಊತ, ನೀಲಿಗಟ್ಟುವುದು ಸಹಜ. ಊತ ದಿಢೀರ್ ಏರಿದರೆ ರಕ್ತ ಕಟ್ಟಿರಬಹುದು, ಜ್ವರ ಅಥವಾ ಕೀವು ಬಂದರೆ ಸೋಂಕಿರಬಹುದು. ತಕ್ಷಣ ತೋರಿಸಿ. ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದು: ಜೋಡಿಸಿದ ನಾಳ ಒಳಗಿನ ಗಾಯದ ಕಲೆಯಿಂದ ಮತ್ತೆ ಮುಚ್ಚಬಹುದು. ಹೊರಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ವೀರ್ಯ ಪರೀಕ್ಷೆ ತಪ್ಪಿಸಬೇಡಿ. ವೀರ್ಯಾಣು ಕಾಣಿಸಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ, ಮೊದಲ ರಿಪೋರ್ಟಿಗೇ ಕುಗ್ಗಬೇಡಿ.