ಒಂದು ಸ್ಕೂಲಿಗೆ ಇಷ್ಟೇ ಸೀಟು ಅಂತಾರಲ್ಲ, ನಿಜಾನಾ?

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಮಗಳ ಹೈಸ್ಕೂಲಿನಿಂದ ಆರು ಮಕ್ಕಳು ಹಾರ್ವರ್ಡ್‌ಗೆ ಅರ್ಜಿ ಹಾಕುತ್ತಿದ್ದಾರೆ. ಒಂದು ಸ್ಕೂಲಿನಿಂದ ಇಬ್ಬರನ್ನೇ ತಗೊಳ್ತಾರಂತೆ. ಹಾಗಾದ್ರೆ ಇವಳ ಪೈಪೋಟಿ ಗೆಳತಿಯರ ಜೊತೆಗೇ ಅಲ್ವಾ?

ಅಕ್ಟೋಬರ್ ಬಂತೆಂದರೆ ಈ 'ಅಂತೆ' ಶುರುವಾಗುತ್ತದೆ. ಸ್ಕೂಲಿಗೆ ಇಬ್ಬರು ಅನ್ನುವ ಕೋಟಾ ಇಲ್ಲ. ಹಾಗಂತ ಕ್ಲಾಸ್‌ಮೇಟ್‌ಗಳಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಸಮಾಧಾನ ಹೇಳುವವರನ್ನೂ ನಂಬಬೇಡಿ.

ಇಂಥ ಕಾಲೇಜುಗಳು ಅರ್ಜಿಗಳನ್ನು ಪ್ರದೇಶವಾರು ಹಂಚುತ್ತವೆ. ಆರೂ ಅರ್ಜಿಗಳು ಸಾಮಾನ್ಯವಾಗಿ ಒಬ್ಬರೇ ಅಧಿಕಾರಿಯ ಕೈಗೆ ಹೋಗುತ್ತವೆ. ಜೊತೆಗೆ ಸ್ಕೂಲಿನ ಪರಿಚಯ ಕೊಡುವ ಸ್ಕೂಲ್ ಪ್ರೊಫೈಲ್ ಇರುತ್ತದೆ. ಸ್ಕೂಲಿನ ಉಳಿದವರಿಗೆ ಹೋಲಿಸಿದರೆ ಈ ಹುಡುಗಿ ತಗೊಂಡ ಕೋರ್ಸ್‌ಗಳು ಎಷ್ಟು ಕಷ್ಟದವು ಎಂದು ಕಾಮನ್ ಆಪ್‌ನ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) ಫಾರ್ಮಿನಲ್ಲಿ ಸ್ಕೂಲಿನ ಮಾರ್ಗದರ್ಶಕರಾದ ಕೌನ್ಸಿಲರನ್ನೇ ಕೇಳುತ್ತಾರೆ. ಹದಿನೈದು ಎಪಿ (ಕಾಲೇಜು ಮಟ್ಟದ ಕೋರ್ಸ್) ಇರುವ ಸ್ಕೂಲಿನಲ್ಲಿ ಮೂರು ತಗೊಂಡವಳೂ, ಮೂರೇ ಇರುವ ಕಡೆ ಮೂರನ್ನೂ ಮುಗಿಸಿದವಳೂ ಅವರ ಕಣ್ಣಿಗೆ ಒಂದೇ ಅಲ್ಲ. ಅಂದರೆ ಗೆಳತಿಯರು ಸೀಟು ಕಿತ್ಕೊಳ್ಳುವುದಿಲ್ಲ, ಅಳತೆಗೋಲು ಆಗುತ್ತಾರೆ. ಅದೂ ಒಂಬತ್ತನೇ ಕ್ಲಾಸಿನಿಂದಲೇ. ಸಮಾಜಶಾಸ್ತ್ರಜ್ಞ ಥಾಮಸ್ ಎಸ್ಪೆನ್‌ಶೇಡ್ ಮತ್ತು ಜೊತೆಗಾರರ 2005ರ ಅಧ್ಯಯನದಲ್ಲೂ ಇದು ಕಂಡಿತ್ತು: ಉಳಿದದ್ದೆಲ್ಲ ಸಮ ಇದ್ದಾಗ, ಜಾಣರು ತುಂಬಿದ ಸ್ಕೂಲಿನ ಮಕ್ಕಳಿಗೆ ಅವಕಾಶ ಸ್ವಲ್ಪ ಕಡಿಮೆ.

ನೇರ ಪೈಪೋಟಿ ನೋಡಬೇಕಾ? ಟೆಕ್ಸಸ್‌ಗೆ ಹೋಗಿ. 1997ರ ಕಾನೂನು ಅಲ್ಲಿ ಪ್ರತಿ ಸ್ಕೂಲಿನ ಮೊದಲ ಶೇ 10ರೊಳಗಿನವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಅವುಗಳಲ್ಲೊಂದಾದ ಯುಟಿ ಆಸ್ಟಿನ್‌ನಲ್ಲಿ 2026ರ ಪ್ರವೇಶಕ್ಕೆ ಆ ಮಿತಿ ಶೇ 5. ಅಲ್ಲಿ ಪಕ್ಕದ ಬೆಂಚಿನವಳ ರ‍್ಯಾಂಕ್ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಾದ ಯುಸಿಗಳಿಗೂ ಸ್ಕೂಲಿನ ಮೊದಲ ಶೇ 9 ಎಂಬ ನಿಯಮ ಇದೆ. ಆದರೆ ಆ ಜಿಪಿಎ (ಸರಾಸರಿ ಅಂಕ) ಗೆರೆ ಎಳೆಯುವುದು ಹಿಂದಿನ ಬ್ಯಾಚ್‌ಗಳ ಅಂಕ ನೋಡಿ. ಈ ವರ್ಷದ ಗೆಳತಿಯನ್ನು ಹಿಂದೆ ಹಾಕಿ ಏನೂ ಸಿಗುವುದಿಲ್ಲ. ಇಷ್ಟು ಹೇಳಿದರೂ ಜನ ಪಕ್ಕದ ಮನೆಯ ಜಿಪಿಎ ವಿಚಾರಿಸುವುದು ಬಿಡುವುದಿಲ್ಲ.

ನಿಜವಾದ ನೂಕುನುಗ್ಗಲು ಇರುವುದು ಬೇರೆ ಕಡೆ. ಎಲ್ಲರೂ ಇಷ್ಟಪಡುವ ಆ ಒಬ್ಬ ಟೀಚರ್ ಎಷ್ಟು ಶಿಫಾರಸು ಪತ್ರ ಬರೆದಾರು? ಜೂನಿಯರ್ ವರ್ಷ (ಹನ್ನೊಂದನೇ ಕ್ಲಾಸು) ಮುಗಿಯುವ ಮೊದಲೇ ಮಗಳು ಹೋಗಿ ಕೇಳಲಿ. ಮಗಳು, ನೀವಲ್ಲ. ಈಗಾಗಲೇ ಸೀನಿಯರ್ (ಹನ್ನೆರಡನೇ ಕ್ಲಾಸು) ಆಗಿದ್ದರೆ ನಾಳೆಯೇ.

ಪ್ರಶ್ನೆ: ಕೊನೇ ವರ್ಷ ಪೈಪೋಟಿ ಕಡಿಮೆ ಇರುವ ಸ್ಕೂಲಿಗೆ ಸೇರಿಸಲಾ?

ಬೇಡ. ಅಲ್ಲಿ ಅವಳನ್ನು ಬಲ್ಲ ಟೀಚರ್ ಯಾರಿದ್ದಾರೆ?

ಪ್ರಶ್ನೆ: ಒಬ್ಬ ಕನ್ಸಲ್ಟೆಂಟ್ 'ಸ್ಕೂಲಿಗೆ ಒಬ್ಬರನ್ನೇ ತಗೊಳ್ತೀನಿ, ಸೀಟು ಗ್ಯಾರಂಟಿ' ಅಂತಾನೆ.

ಸೀಟು ಅವನ ಜೇಬಿನಲ್ಲಿಲ್ಲ. ಅಲ್ಲಿಗೆ ಹೋಗುವುದು ನಿಮ್ಮ ದುಡ್ಡು ಮಾತ್ರ. ಗ್ಯಾರಂಟಿ ಅಂದ ತಕ್ಷಣ ಎದ್ದು ಬನ್ನಿ.

ಪ್ರಶ್ನೆ: ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ ಅಂತ ಮಗ ಗುಟ್ಟಾಗಿಡಬೇಕಾ?

ಅದರಿಂದ ಪ್ರವೇಶಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೆಂಟರ ಫೋನ್ ಮಾತ್ರ ಕಡಿಮೆಯಾಗುತ್ತದೆ.